ಪ್ರಮಿಲಾಬಾಯಿಯ ಶರ್ಯತ್ತಿನ ಪೆಟ್ಟಿಗೆ

ಮಾದನಹಿಪ್ಪರಗಾದ ಗಾಡಿ ಶರ್ಯತ್ತಿನಲ್ಲಿ ೧೯೮೮ರ ವರ್ಷ ಗೆದ್ದವರು ಯಾರು ಎಂದು ಆ ಕಡೆಯ ಹಳಬರನ್ನು ಕೇಳಿದರೆ, ಉತ್ತರ ಕೊಡುವ ಮೊದಲು ಅವರು ಕೇಳಿದವರ ಊರು ಯಾವುದೆಂದು ವಿಚಾರಿಸುತ್ತಾರೆ. ಊರು ತಿಳಿದ ಮೇಲೂ ಪೂರ್ತಿ ಬಾಯಿ ಬಿಡುವುದಿಲ್ಲ. ‘ಅದರಾಗ ಏನೋ ಇತ್ತು ಬಿಡ್ರಿ’ ಎಂದು ಬೀಡಿ ಹಚ್ಚುತ್ತಾರೆ. ಆ ‘ಏನೋ’ ಏನೆಂದು ಕಂಡುಹಿಡಿಯಲು ಹೊರಟವಳು ಪ್ರಮಿಲಾ. ಶರ್ಯತ್ತಿನ ಹೊತ್ತು ಅಳೆಯುವ ಪೆಟ್ಟಿಗೆಯನ್ನು ಮಾಡಿದವಳೂ ಅವಳೇ.

ಪ್ರಮಿಲಾ ಆಳಂದದ ವಕೀಲ ಶ್ರೀಪಾದರಾಯರ ಒಬ್ಬಳೇ ಮಗಳು. ಗುಲಬರ್ಗಾದಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ಆಳಂದದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಕಾಲೇಜು ಬಿಟ್ಟ ಮೇಲೆ ಮನೆಯ ಮಾಳಿಗೆಯ ಕೋಣೆಯಲ್ಲಿ ಕೂತು ಸೊಲ್ಲಾಪುರದಿಂದ ತರಿಸಿದ ಬಿಡಿಭಾಗಗಳನ್ನು ಬೆಸೆಯುವುದು ಅವಳ ಹುಚ್ಚು. ನೀರಿನ ಟಾಕಿ ತುಂಬಿದರೆ ಕೂಗುವ ಗಂಟೆ, ಕರೆಂಟು ಹೋದ ಕೂಡಲೇ ತಾನಾಗಿ ಹತ್ತುವ ದೀಪ, ಇಂಥವನ್ನು ಮಾಡಿ ಮನೆಯ ತುಂಬ ತೂಗುಹಾಕಿದ್ದಳು. ತಾಯಿ ಲೀಲಾಬಾಯಿಗೆ ಆ ಬೆಸುಗೆಯ ಹೊಗೆ ಎಂದರೆ ಆಗುತ್ತಿರಲಿಲ್ಲ. ತಂದೆಗೆ ಮಾತ್ರ ಅವಳ ಕೈಗೆಲಸದ ಮೇಲೆ ಬಹಳ ಅಭಿಮಾನ. ಬಂದ ಕಕ್ಷಿದಾರರನ್ನೆಲ್ಲ ಮಾಳಿಗೆಗೆ ಕರೆದೊಯ್ದು ತೋರಿಸುವರು.

ಆ ಅಭಿಮಾನದಿಂದಲೇ ಈ ಕತೆ ಶುರುವಾದದ್ದು. ತೊಗರಿ ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ, ಹೋಳಿಗಿಂತ ಮುಂಚೆ, ಮಾದನಹಿಪ್ಪರಗಾದ ಹೊರಗಿನ ಬಯಲಲ್ಲಿ ಶರ್ಯತ್ತು ನಡೆಯುತ್ತಿತ್ತು. ಒಂದು ಸಲಕ್ಕೆ ಒಂದೇ ಜೋಡಿ ಎತ್ತು ಗಾಡಿ ಎಳೆದುಕೊಂಡು ಓಡಬೇಕು. ದೂರದ ನಿಶಾನೆಯನ್ನು ಸುತ್ತುಹಾಕಿ ಹೊರಟ ಗೆರೆಗೇ ಮರಳಬೇಕು. ಕಡಿಮೆ ಹೊತ್ತು ತೆಗೆದುಕೊಂಡ ಜೋಡಿ ಗೆದ್ದಂತೆ. ಹೊತ್ತು ನೋಡಲು ಇಬ್ಬರು ಮಾಸ್ತರರು ಕೈಯಲ್ಲಿ ಗಡಿಯಾರ ಹಿಡಿದು ನಿಲ್ಲುತ್ತಿದ್ದರು. ಇಬ್ಬರ ಗಡಿಯಾರವೂ ಎಂದೂ ಒಂದೇ ಹೊತ್ತು ತೋರಿಸುತ್ತಿರಲಿಲ್ಲ. ಹಿಂದಿನ ವರ್ಷ ಜಗಳ ಬಡಿಗೆಗೆ ಹೋಗಿ ಕೇಸಾಯಿತು. ಆ ಕೇಸಿನ ಸಲುವಾಗಿ ಶರ್ಯತ್ತಿನ ಪಂಚರ ಹಿರಿಯ ದೇವೀಂದ್ರಪ್ಪ ಶ್ರೀಪಾದರಾಯರಲ್ಲಿಗೆ ಬಂದಾಗ, ರಾಯರು ಹಿಂದೆಮುಂದೆ ನೋಡದೆ, ‘ಮನಶ್ಯಾನ ಕೈ ಬ್ಯಾಡೇ ಬ್ಯಾಡ. ನನ್ನ ಮಗಳು ಮಷಿನ್ ಮಾಡಿಕೊಡ್ತಾಳ’ ಎಂದುಬಿಟ್ಟರು.

ಪ್ರಮಿಲಾ ಮಾಡಿದ್ದು ಸರಳ ಯಂತ್ರ. ಗೆರೆಯ ಒಂದು ಬದಿಗೆ ಒಂದು ಪ್ರಖರ ದೀಪ, ಎದುರು ಬದಿಯ ಕಂಬಕ್ಕೆ ಕೊಳವೆಯೊಳಗೆ ಕೂಡಿಸಿದ ಬೆಳಕಿನ ಕಣ್ಣು. ಎತ್ತು ಗೆರೆ ದಾಟುವಾಗ ಬೆಳಕು ಕಡಿಯುತ್ತದೆ, ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳು ಓಡತೊಡಗುತ್ತವೆ. ಮರಳಿ ಬಂದು ದಾಟಿದಾಗ ನಿಲ್ಲುತ್ತವೆ. ಸೆಕೆಂಡಿನ ನೂರರಲ್ಲಿ ಒಂದು ಭಾಗವನ್ನೂ ಅದು ತೋರಿಸುತ್ತಿತ್ತು. ಮೈಕಿಗಾಗಿ ತರುವ ಜನರೇಟರಿನ ಕರೆಂಟು ಏರಿಳಿಯುತ್ತದೆಂದು ಅವಳು ಪೆಟ್ಟಿಗೆಗೆ ಬ್ಯಾಟರಿಯನ್ನೇ ಹಚ್ಚಿದ್ದಳು.

ಶರ್ಯತ್ತಿನ ದಿನ ಶ್ರೀಪಾದರಾಯರು ಮಗಳ ಕೂಡ ಬಸ್ಸಿನಲ್ಲಿ ಹೋಗಲಿಲ್ಲ. ಅವರ ಹಳೆಯ ಕಕ್ಷಿದಾರ, ಮಾದನಹಿಪ್ಪರಗಾದ ಬಸವಂತರಾಯಗೌಡರ ಜೀಪಿನಲ್ಲಿ ಬಂದಿಳಿದರು. ಗೌಡರ ಜೋಡಿಯೂ ಆ ದಿನ ಓಡುವುದಿತ್ತು. ಪ್ರಮಿಲಾ ನಿಶಾನೆಯ ಕಡೆಗೆ ಹೋಗಿದ್ದವಳು ತಿರುಗಿ ನೋಡಿದಾಗ, ಆಳಂದದಿಂದ ಮೈಕು ಮತ್ತು ಜನರೇಟರು ತಂದಿದ್ದ ಚಮನಸಾಬನ ಜತೆ ತಂದೆ ಬೇವಿನ ಮರದ ಕೆಳಗೆ ನಿಂತು, ಅವಳ ಪೆಟ್ಟಿಗೆಯಿದ್ದ ಡೇರೆಯತ್ತ ಬೆರಳು ಮಾಡಿ ಏನೋ ಹೇಳುತ್ತಿದ್ದರು. ಆಗ ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಡೇರೆಗೆ ಮರಳಿದಾಗ ನೆಲಕ್ಕೆ ಜಮಖಾನ ಹಾಸಿತ್ತು, ಮೂಲೆಯಲ್ಲಿ ಒಂದು ಫ್ಯಾನು ತಿರುಗುತ್ತಿತ್ತು. ಪಂಚರಿಗಾಗಿ ಇಟ್ಟಿದ್ದಾರೆಂದುಕೊಂಡು ಕೂತಳು.

ಮೊದಲು ಗೌಡರ ಜೋಡಿ ಓಡಿತು. ಕೊನೆಗೆ ಕಿಣ್ಣಿ ಸುಲ್ತಾನ ಎಂಬ ಊರಿನ ಖಂಡಪ್ಪನ ಜೋಡಿ. ಖಂಡಪ್ಪ ದೊಡ್ಡ ಹಿಡುವಳಿದಾರನಲ್ಲ, ಆದರೆ ಎತ್ತು ಸಾಕುವುದರಲ್ಲಿ ಆ ಸುತ್ತಿನಲ್ಲಿ ಅವನ ಹೆಸರಿತ್ತು. ಅವನ ಎತ್ತುಗಳು ಧೂಳಿನ ಗೋಡೆಯನ್ನೇ ಹೊತ್ತುಕೊಂಡು ಬಂದಂತೆ ಬಂದು ಗೆರೆ ದಾಟಿದವು. ಜನ ಸಿಳ್ಳೆ ಹಾಕಿದರು. ಖಂಡಪ್ಪ ಗೆದ್ದನೆಂದೇ ಎಲ್ಲರೂ ತಿಳಿದರು. ಪೆಟ್ಟಿಗೆ ಬೇರೆ ಹೇಳಿತು. ಸೆಕೆಂಡಿನ ನೂರರಲ್ಲಿ ಎರಡು ಭಾಗದಷ್ಟು ಗೌಡರ ಜೋಡಿಯೇ ಮುಂದು. ಬಹುಮಾನದ ಹೊಸ ಗಾಡಿ ಗೌಡರಿಗೆ ಎಂದು ಮೈಕಿನಲ್ಲಿ ಸಾರಿದರು.

ಖಂಡಪ್ಪ ಬೆವರು ಒರೆಸುತ್ತ ಡೇರೆಗೆ ಬಂದ. ಕೂಗಾಡಲಿಲ್ಲ.

‘ನೂರರಾಗ ಎರಡು ಅಂದ್ರ ಎಷ್ಟ್ರಿ ಅಕ್ಕೋರ?’

‘ಕಣ್ಣು ಪಿಳುಕಿಸೂದಕ್ಕಿಂತ ಕಡಿಮಿ’ ಎಂದಳು ಪ್ರಮಿಲಾ.

‘ಅಷ್ಟು ಸಣ್ಣದು ನಿಮ್ಮ ಪೆಟಗಿಗೆ ಕಂಡ್ತು. ಯಾರ ಜೀಪಿನ್ಯಾಗ ಯಾರು ಬಂದ್ರು ಅನ್ನೂದು ನಮಗ ಕಂಡ್ತು.’

ಅವನ ಹಿಂದೆ ನಿಂತಿದ್ದ ಕಿಣ್ಣಿ ಸುಲ್ತಾನದ ಜನ ಒಮ್ಮೆಲೇ ಬಾಯಿ ಮಾಡಿದರು. ದೇವೀಂದ್ರಪ್ಪ ನಡುವೆ ಬಂದು, ಮುಂದಿನ ವಾರ ಚಾವಡಿಯಲ್ಲಿ ವಿಚಾರಣೆ ಮಾಡೋಣ, ಅಲ್ಲಿಯತನಕ ಗಾಡಿ ಯಾರೂ ಮುಟ್ಟುವಂತಿಲ್ಲ ಎಂದು ಕೈಮುಗಿದು ಎಲ್ಲರನ್ನೂ ಕಳಿಸಿದ.

ಪ್ರಮಿಲಾಗೆ ಮೊದಲು ಸಿಟ್ಟೇ ಬಂದಿತ್ತು. ಸಾಮಾನು ಕಟ್ಟಲು ಜಮಖಾನ ಎತ್ತಿದಾಗ ಸಿಟ್ಟು ಇಳಿಯಿತು. ಕಂಬದ ಕಣ್ಣಿನಿಂದ ಪೆಟ್ಟಿಗೆಗೆ ಬರುವ ವೈರನ್ನು ಅವಳು ಬೇರೆಯಾಗಿಯೇ ಎಳೆದಿದ್ದಳು. ಈಗ ಅದು ಫ್ಯಾನಿನ ವೈರಿಗೆ ಒತ್ತಿಕೊಂಡು, ಹಸಿರು ಅರಿವೆಯ ಚೂರುಗಳಿಂದ ಉದ್ದಕ್ಕೂ ಬಿಗಿದು ಕಟ್ಟಲ್ಪಟ್ಟಿತ್ತು. ಯಾರೋ ಕೂತು, ಪುರುಸೊತ್ತಿನಿಂದ ಕಟ್ಟಿದ ಗಂಟುಗಳು. ಅವಳು ಯಾರಿಗೂ ಹೇಳದೆ ಆ ವೈರುಗಳನ್ನು ಹಾಗೇ ಸುತ್ತಿ ಚೀಲಕ್ಕೆ ಹಾಕಿದಳು. ಬೇವಿನ ಮರದ ಕೆಳಗೆ ಬೆರಳು ಮಾಡಿ ನಿಂತ ತಂದೆ ಕಣ್ಣೆದುರು ಬಂದರು.

ಮರುದಿನದಿಂದ ಆಳಂದದಲ್ಲೂ ಅದೇ ಮಾತು. ಕಾಲೇಜಿನ ಮೇಷ್ಟ್ರುಗಳು ಅವಳು ಒಳಗೆ ಬಂದೊಡನೆ ಮಾತು ಬದಲಿಸುತ್ತಿದ್ದರು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ‘ಗೆಲ್ಲಬೇಕಂದ್ರ ಎತ್ತ ಸಾಕಬ್ಯಾಡ್ರಿ, ವಕೀಲನ್ನ ಸಾಕ್ರಿ’ ಎಂದು ನಕ್ಕರಂತೆ. ಮಾಳಿಗೆಯಲ್ಲಿ ಅವಳು ಪೆಟ್ಟಿಗೆಯನ್ನು ಮತ್ತೆ ಪರೀಕ್ಷಿಸಿದಳು. ಸೂರಿನ ಕೊಂಡಿಗೆ ಹಗ್ಗದಿಂದ ಒಂದು ಹಲಗೆ ತೂಗುಬಿಟ್ಟು, ಒಂದೇ ಗುರುತಿನಿಂದ ಬಿಟ್ಟರೆ ಅದು ಬೆಳಕನ್ನು ಕಡಿದು ಹೋಗಿ, ಮತ್ತೆ ಕಡಿದು ಮರಳುವಂತೆ ಮಾಡಿದಳು. ಎಷ್ಟು ಸಲ ಬಿಟ್ಟರೂ ಅದೇ ಅಂಕಿ. ಪೆಟ್ಟಿಗೆಯಲ್ಲಿ ದೋಷವಿಲ್ಲ. ಹಾಗಾದರೆ ದೋಷ ಆ ಗಂಟುಗಳಲ್ಲೇ ಇರಬೇಕು, ಮತ್ತು ಗಂಟು ತಾನಾಗಿ ಬೀಳುವುದಿಲ್ಲ.

ಅವಳು ನೇರ ಚಮನಸಾಬನ ಅಂಗಡಿಗೆ ಹೋದಳು. ಚಮನಸಾಬ ಮೈಕಿನ ಕೆಟ್ಟ ಭೋಂಗಾ ಒಂದನ್ನು ಬಿಚ್ಚಿಕೊಂಡು ಕೂತಿದ್ದ. ವೈರು ನೋಡಿದವನೇ ಒಪ್ಪಿಕೊಂಡ.

‘ನಾನೇ ಕಟ್ಟೇನ್ರಿ ಅಕ್ಕೋರ. ನನ್ನ ಹಳೇ ಲುಂಗಿ ಅದು.’

‘ಯಾಕ ಕಟ್ಟಿದ್ರಿ? ಯಾರು ಹೇಳಿದ್ರು?’

ಅವನ ಮುಖ ಕಪ್ಪಿಟ್ಟಿತು. ‘ನನ್ನ ಮ್ಯಾಲೆ ಶಕ್ ಮಾಡಾಕತ್ತೀರೇನ್ರಿ? ಈ ಆಳಂದಾಗ ಎಲ್ಲಾರ ಮದುವಿಗೂ ಮೈಕ್ ಹಚ್ಚೇನಿ, ಒಬ್ಬರು ಹಿಂಗ ಕೇಳಿಲ್ಲ. ವಕೀಲಸಾಬ್ರು ಹೇಳಿದ್ರು, ಕಟ್ಟಿದೆ. ಹೆಚ್ಚಿಂದು ಬೇಕಂದ್ರ ಅವರನ್ನ ಕೇಳ್ರಿ.’ ಎಂದು ಭೋಂಗಾದ ಕಡೆ ತಿರುಗಿ ಕೂತ.

ಆ ರಾತ್ರಿ ಊಟಕ್ಕೆ ಕೂತಾಗ ಪ್ರಮಿಲಾ ಕೇಳಿಯೇಬಿಟ್ಟಳು. ‘ಅಪ್ಪಾ, ಶರ್ಯತ್ತಿನ ದಿನ ಚಮನಸಾಬಗ ಏನ್ ಹೇಳಿದ್ರಿ?’

‘ಏನೇನೋ ಹೇಳಿದೆ. ಯಾಕ?’

‘ನನ್ನ ವೈರ್ ಮುಟ್ಟಲಿಕ್ಕೆ ಹೇಳಿದ್ರೇನು? ಗೌಡರ ಸಲುವಾಗಿ?’

ಶ್ರೀಪಾದರಾಯರ ಕೈಯಲ್ಲಿದ್ದ ರೊಟ್ಟಿಯ ತುಂಡು ಪಲ್ಯಕ್ಕೆ ಮುಟ್ಟದೆ ಅಲ್ಲೇ ನಿಂತಿತು. ಕೋರ್ಟಿನಲ್ಲಿ ಎಷ್ಟೋ ಸಾಕ್ಷಿಗಳನ್ನು ಅಡ್ಡಪ್ರಶ್ನೆಯಿಂದ ಬೆವರಿಳಿಸಿದ ಮನುಷ್ಯ ಮಗಳ ಮುಖವನ್ನೇ ನೋಡಿದರು. ಕೈ ತೊಳೆದುಕೊಂಡು ಹೊರಗಿನ ಕಟ್ಟೆಗೆ ಹೋಗಿ ಕೂತರು.

‘ಹಡೆದ ಅಪ್ಪಗ ಕೇಳೋ ಮಾತೇನ ಅದು?’ ಎಂದರು ಲೀಲಾಬಾಯಿ. ಆಮೇಲೆ ದನಿ ಇಳಿಸಿದರು. ‘ಬಿಸಲಾಗ ಕೂಡ್ತಾಳ, ಒಂದು ಫ್ಯಾನ್ ಹಚ್ಚು ಅಂದ್ರಂತ. ವೈರ್ ಕಾಲಾಗ ತೊಡರಿ ಬಿದ್ದಾಳು, ಜಮಖಾನಿ ಬುಡಕ ಎಲ್ಲಾ ಕೂಡಿಸಿ ಕಟ್ಟು ಅಂದ್ರಂತ. ಅವತ್ತ ಸಂಜೀಕೇ ನನ್ನ ಮುಂದ ಹೇಳ್ಯಾರ.’

ಪ್ರಮಿಲಾ ನಂಬಬೇಕೆಂದುಕೊಂಡಳು, ಪೂರ್ತಿ ಆಗಲಿಲ್ಲ. ಗಂಡನ ಪರವಾಗಿ ಹೆಂಡತಿ ಹೇಳಿದ ಮಾತದು. ಸಂಶಯ ಒಮ್ಮೆ ಮನೆ ಹೊಕ್ಕಿತೆಂದರೆ, ಒಳ್ಳೆಯ ಕಾರಣ ಕೇಳಿದಷ್ಟೂ ಕಟ್ಟುಕತೆಯಂತೆಯೇ ಕಾಣುತ್ತದೆ. ಅಂದಿನಿಂದ ತಂದೆ ಮಗಳ ನಡುವೆ ಮಾತು ನಿಂತಿತು.

ಅವಳು ಮಾಳಿಗೆಯಲ್ಲೇ ಶರ್ಯತ್ತಿನ ಡೇರೆಯನ್ನು ಮತ್ತೆ ಕಟ್ಟಿದಳು. ಮನೆಯ ಫ್ಯಾನಿನ ವೈರಿಗೆ ಕಣ್ಣಿನ ವೈರನ್ನು ಅದೇ ಹಸಿರು ಚೂರುಗಳಿಂದ ಬಿಗಿದು, ಫ್ಯಾನು ಹಚ್ಚಿ, ಹಲಗೆಯನ್ನು ಬಿಟ್ಟಳು. ಇಷ್ಟು ದಿನ ಕಲ್ಲಿನಂತೆ ನಿಂತಿದ್ದ ಕೊನೆಯ ಅಂಕಿ ಈಗ ಪ್ರತಿಸಲವೂ ಬೇರೆಯಾಗತೊಡಗಿತು. ಫ್ಯಾನು ಆರಿಸಿದರೆ ಮತ್ತೆ ಸ್ಥಿರ. ಬ್ಯಾಟರಿ ಹಚ್ಚಿದ್ದರಿಂದ ಏನೂ ಆಗದು ಎಂದು ನಂಬಿದ್ದೇ ತಪ್ಪಾಗಿತ್ತು. ಪಕ್ಕದ ವೈರಿನಲ್ಲಿ ಹರಿಯುವ ಕರೆಂಟಿನ ಗದ್ದಲ ಈ ವೈರಿಗೆ ಇಳಿದುಬರುತ್ತಿತ್ತು.

ಬಿಸಿಲಿನಿಂದ ಒಳಗೆ ಬಂದಾಗ ನಮ್ಮ ಕಣ್ಣು ಕತ್ತಲಿಗೆ ಹೊಂದಲು ಸ್ವಲ್ಪ ಹೊತ್ತು ಬೇಕು. ಪೆಟ್ಟಿಗೆಯ ಕಣ್ಣೂ ಹಾಗೇ. ಎತ್ತು ಅಡ್ಡ ಬಂದ ಕ್ಷಣಕ್ಕೇ ಅದಕ್ಕೆ ಪೂರ್ತಿ ಕತ್ತಲಾಗುವುದಿಲ್ಲ, ಇಳಿಜಾರಿನಂತೆ ಕತ್ತಲಾಗುತ್ತದೆ. ಧೂಳಿದ್ದರೆ ಇಳಿಜಾರು ಇನ್ನೂ ನಿಧಾನ. ಆ ಇಳಿಜಾರಿನ ಒಂದು ಕಡೆ ‘ಕಡಿಯಿತು’ ಎಂದು ಪೆಟ್ಟಿಗೆ ತೀರ್ಮಾನಿಸಬೇಕು. ಅದೇ ಹೊತ್ತಿಗೆ ಫ್ಯಾನಿನ ಗದ್ದಲ ತಳ್ಳಿದರೆ ತುಸು ಬೇಗ ತೀರ್ಮಾನಿಸುತ್ತದೆ, ಎಳೆದರೆ ತುಸು ತಡವಾಗಿ. ಇಷ್ಟು ಅವಳಿಗೆ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಬೇರೊಂದು: ಈ ಅಲುಗಾಟ ಗೌಡರ ಕಡೆಗೇ ವಾಲುತ್ತಿತ್ತೋ, ಸುಮ್ಮನೆ ಎರಡೂ ಕಡೆ ಅಲ್ಲಾಡುತ್ತಿತ್ತೋ? ಹೆಚ್ಚು ಸಲ ಹಲಗೆ ಬಿಟ್ಟು ನೋಡೋಣವೆಂದರೆ ಆ ವಾರ ಕರೆಂಟು ಇದ್ದದ್ದಕ್ಕಿಂತ ಹೋದದ್ದೇ ಹೆಚ್ಚು.

ಕರೆಂಟು ಹೋದ ಒಂದು ಮಧ್ಯಾಹ್ನ ಅವಳು ಅಜ್ಜಿ ಭಾಗೀರಥಿಬಾಯಿಯ ಕವಡೆ ಕೇಳಿ ತಂದಳು. ‘ಅಜ್ಜಿ, ಶರ್ಯತ್ತು ಆಡೋಣು ಬಾ. ನೀನು ಖಂಡಪ್ಪ, ನಾನು ಗೌಡ. ಇಬ್ಬರ ಎತ್ತೂ ಒಂದಕ್ಕೊಂದು ಸಮ, ಒಂದು ಕೂದಲಿನಷ್ಟೂ ಫರಕಿಲ್ಲ.’

ಆಟ ಹೀಗಿತ್ತು. ಆರು ಕವಡೆ ಚೆಲ್ಲಬೇಕು. ಮೂರು ಬಾಯಿ ಮೇಲೆ ಬಿದ್ದರೆ ಗದ್ದಲವಿಲ್ಲ, ಪೆಟ್ಟಿಗೆ ಸರಿಯಾದ ಹೊತ್ತಿಗೆ ಕಂಡಿತು. ಒಂದು ಹೆಚ್ಚು ಬಿದ್ದರೆ ನೂರರಲ್ಲಿ ಒಂದು ಭಾಗ ತಡ, ಒಂದು ಕಡಿಮೆಯಾದರೆ ಅಷ್ಟೇ ಬೇಗ. ಹೊರಡುವಾಗ ಒಮ್ಮೆ, ಮರಳುವಾಗ ಒಮ್ಮೆ ಚೆಲ್ಲಬೇಕು. ಹೊರಡುವಾಗ ತಡವಾದರೆ ಹೊತ್ತು ಕಡಿಮೆ ಬರುತ್ತದೆ, ಮರಳುವಾಗ ತಡವಾದರೆ ಹೆಚ್ಚು. ಹಲಗೆಯ ಜತೆ ಕಂಡ ಅಲುಗಾಟ ಹೆಚ್ಚುಕಡಿಮೆ ಅಷ್ಟೇ ಇತ್ತು. ಸಂಜೆಯತನಕ ಅಜ್ಜಿ ಮೊಮ್ಮಗಳು ಚೆಲ್ಲಿದರು. ಒಮ್ಮೆ ಅಜ್ಜಿ ಗೆದ್ದರು, ಒಮ್ಮೆ ಪ್ರಮಿಲಾ. ಸರಿಸಮ ಆದದ್ದು ಅಪರೂಪ. ಅರ್ಧಕ್ಕಿಂತ ಹೆಚ್ಚು ಆಟಗಳಲ್ಲಿ ನೂರರಲ್ಲಿ ಎರಡು ಭಾಗವೋ, ಅದಕ್ಕೂ ಹೆಚ್ಚೋ ಅಂತರ ಬಿತ್ತು.

ಭಾಗೀರಥಿಬಾಯಿಗೆ ಸಿಟ್ಟು ಬಂತು. ‘ಎತ್ತು ಸಮ ಅಂತ ನೀನೇ ಹೇಳ್ದಿ. ಮತ್ತ ಒಬ್ಬರು ಸೋಲಾಕತ್ತೇವಲ್ಲ! ಇದೆಂಥಾ ಮೋಸದಾಟ?’

‘ಮೋಸ ಯಾರು ಮಾಡಿದ್ರಜ್ಜಿ?’

ಅಜ್ಜಿ ತಮ್ಮ ಕೈಯನ್ನೊಮ್ಮೆ, ಕವಡೆಯನ್ನೊಮ್ಮೆ ನೋಡಿದರು. ‘ಯಾರೂ ಇಲ್ಲ’ ಎಂದರು. ‘ನೀ ಕವಡಿ ಹಿಡಿಯೋ ರೀತಿ ಮಾತ್ರ ನನಗ ಸರಿ ಕಾಣವಲ್ದು’ ಎಂದೂ ಸೇರಿಸಿದರು.

ವಿಚಾರಣೆಯ ದಿನ ಪ್ರಮಿಲಾ ಪೆಟ್ಟಿಗೆ, ಹಲಗೆ, ಹಸಿರು ಗಂಟಿನ ವೈರು ಎಲ್ಲ ತೆಗೆದುಕೊಂಡು ಬಸ್ಸು ಹತ್ತಿದಳು. ಚಮನಸಾಬ ಮುಖ ಬಿಗಿದುಕೊಂಡೇ ಜನರೇಟರು ಮತ್ತು ಅದೇ ಫ್ಯಾನನ್ನು ತಂದಿದ್ದ. ಮಾದನಹಿಪ್ಪರಗಾದ ಚಾವಡಿ ಕಿಕ್ಕಿರಿದಿತ್ತು. ಒಂದು ಬದಿಗೆ ಗೌಡರ ಜನ, ಇನ್ನೊಂದು ಬದಿಗೆ ಖಂಡಪ್ಪ, ಅವನ ಹೆಂಡತಿ ಗುರಮ್ಮ ಮತ್ತು ಕಿಣ್ಣಿ ಸುಲ್ತಾನದವರು. ಪ್ರಮಿಲಾ ನಡೆದದ್ದನ್ನು ಹೇಳಿ, ಹಲಗೆ ತೂಗಿಬಿಟ್ಟು ತೋರಿಸಿದಳು. ಫ್ಯಾನು ನಿಂತಾಗ ಅಂಕಿ ಒಂದೇ, ಹಚ್ಚಿದಾಗ ಕುಣಿದಾಟ.

‘ನೀವೇ ಬಿಡಾಕತ್ತೀರಿ, ನೀವೇ ಓದಾಕತ್ತೀರಿ’ ಎಂದ ಖಂಡಪ್ಪ. ‘ಪೆಟಗಿ ನಿಮ್ದು. ಕುಣಿ ಅಂದ್ರ ಕುಣೀತದ.’

‘ಹಂಗಾರ ನೀವೇ ಬಿಡ್ರಿ. ಅಂಕಿ ಗುರಮ್ಮನವರು ಓದ್ಲಿ. ಫ್ಯಾನು ಗೌಡರ ಮಂದಿ ಹಚ್ಚಿ ಆರಿಸ್ಲಿ. ನಾನು ಹೊರಗ ನಿಂದರ್ತೇನಿ.’

ಅವಳು ಕಟ್ಟೆ ಇಳಿದು ನಿಂತಳು. ಒಳಗಿನಿಂದ ಗುರಮ್ಮನ ದನಿ ಒಂದಾದ ಮೇಲೊಂದು ಅಂಕಿ ಹೇಳುತ್ತಿತ್ತು. ಫ್ಯಾನು ನಿಂತಾಗ ಒಂದೇ ಅಂಕಿ, ಹಚ್ಚಿದಾಗ ಬೇರೆಬೇರೆ. ಅದು ಮುಗಿದ ಮೇಲೆ ಪ್ರಮಿಲಾ ಒಳಗೆ ಬಂದಳು.

‘ಈ ಫ್ಯಾನು ಅಲ್ಲಿ ಇಡಸಿದವರು ಯಾರು?’ ಎಂದ ದೇವೀಂದ್ರಪ್ಪ.

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಚಮನಸಾಬ ತನ್ನಷ್ಟಕ್ಕೆ ಇಟ್ಟನೆಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು, ಅವನ ಹೆಸರೂ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಬಾಯಿ ತೆಗೆಯುವಷ್ಟರಲ್ಲಿ ಹಿಂದಿನಿಂದ ಪರಿಚಯದ ದನಿ ಕೇಳಿತು.

‘ನಾನು ಇಡಸೀನಿ. ವೈರು ಕಟ್ಟಸಿದ್ದೂ ನಾನೇ.’

ಶ್ರೀಪಾದರಾಯರು ಬಾಗಿಲಲ್ಲಿ ನಿಂತಿದ್ದರು. ಅಂಗಿಯ ತುಂಬ ಬಸ್ಸಿನ ಧೂಳು. ಈ ಸಲ ಜೀಪಿನಲ್ಲಿ ಬಂದಿರಲಿಲ್ಲ. ‘ಮಗಳಿಗೆ ಬಿಸಲು ಹತ್ತಬಾರದು ಅಂತ ಇಡಸೀನಿ. ನಂಬೂದು ಬಿಡೂದು ನಿಮಗ ಬಿಟ್ಟದ್ದು.’

ಚಾವಡಿಯಲ್ಲಿ ಗುಜುಗುಜು ಎದ್ದಿತು. ‘ನೋಡ್ರಿ, ಬಂತಲ್ಲ ಹೊರಗ!’ ಎಂದು ಯಾರೋ ಕೂಗಿದರು. ಆಗ ಗುರಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

‘ಅಕ್ಕೋರ, ಒಂದು ಮಾತು. ಗೌಡರ ಎತ್ತು ಓಡುವಾಗ ಫ್ಯಾನ್ ತಿರಗತಿತ್ತೇನ್ರಿ?’

‘ತಿರಗತಿತ್ರಿ.’

‘ನಮ್ಮವು ಓಡುವಾಗ?’

‘ಆಗೂ ತಿರಗತಿತ್ತು. ನಡುವ ಯಾರೂ ಮುಟ್ಟಿಲ್ಲ. ನಾ ಅಲ್ಲೇ ಕೂತಿದ್ದೆ.’

‘ಅಂದ್ರ ಇಬ್ಬರಿಗೂ ಒಂದೇ ಗಾಳಿ ಬಡದದ’ ಎಂದು ಗುರಮ್ಮ ಗಂಡನ ಕಡೆ ತಿರುಗಿದಳು. ‘ಅದು ಅವರಿಗೆ ಗೆಲಸಿಲ್ಲ, ನಿಮಗ ಸೋಲಸಿಲ್ಲ. ಯಾರು ಮುಂದಿದ್ರು ಅನ್ನೂದು ಪೆಟಗಿಗೇ ಗೊತ್ತಾಗಿಲ್ಲ. ಹೌದಲ್ರಿ ಅಕ್ಕೋರ?’

‘ಹೌದ್ರಿ’ ಎಂದಳು ಪ್ರಮಿಲಾ. ‘ಅದಕ್ಕ ಗೊತ್ತಾಗಿಲ್ಲ. ಗೊತ್ತಾದಂಗ ತೋರಿಸ್ತು.’

ಮತ್ತೊಮ್ಮೆ ಓಡಿಸೋಣವೆಂದರೆ ಖಂಡಪ್ಪನ ಎಡಗಡೆಯ ಎತ್ತು ಕುಂಟುತ್ತಿತ್ತು. ದೇವೀಂದ್ರಪ್ಪ ಬಹಳ ಹೊತ್ತು ತಲೆ ಕೆರೆದುಕೊಂಡು ಇಬ್ಬರೂ ಸರಿಸಮ ಎಂದು ಸಾರಿದ. ಗಾಡಿ ಮುಂಗಾರಿಗೆ ಒಬ್ಬರ ಮನೆಯಲ್ಲಿ, ಹಿಂಗಾರಿಗೆ ಇನ್ನೊಬ್ಬರ ಮನೆಯಲ್ಲಿ ಇರಬೇಕೆಂದಾಯಿತು. ಇಬ್ಬರಿಗೂ ಅದು ಸೇರಲಿಲ್ಲ. ವಕೀಲರ ಮಗಳು ಕಿಣ್ಣಿ ಸುಲ್ತಾನದವರಿಗೆ ಹೆದರಿ ಗೆಲುವನ್ನು ಕೈಬಿಟ್ಟಳೆಂದು ಗೌಡರು ನಂಬಿದರು. ಆ ತಿಂಗಳೇ ತಮ್ಮ ಕಾಗದಪತ್ರವೆಲ್ಲ ಅಫಜಲಪುರದ ಬೇರೊಬ್ಬ ವಕೀಲರಲ್ಲಿಗೆ ಒಯ್ದರು. ಮೊದಲ ಪಾಳಿಗೆ ಖಂಡಪ್ಪ ಗಾಡಿ ಒಯ್ದ. ಒಯ್ಯುವ ಮುಂಚೆ ಅದರ ಎರಡೂ ಗಾಲಿ ಬಿಚ್ಚಿಸಿ ನೋಡಿದ.

ಮರಳುವ ಬಸ್ಸಿನಲ್ಲಿ ತಂದೆ ಮಗಳು ಒಂದೇ ಸೀಟಿನಲ್ಲಿ ಕೂತರು. ‘ತಪ್ಪಾತು ಅಪ್ಪಾ’ ಎಂದಳು ಪ್ರಮಿಲಾ. ರಾಯರು ಕಿಟಕಿಯ ಹೊರಗೆ ನೋಡುತ್ತ, ‘ನೀ ಕೇಳಿದ್ದು ತಪ್ಪಲ್ಲ. ನಿನಗ ಕೇಳಬೇಕನಿಸ್ತಲ್ಲ, ಅದು ಮನಸಿಗೆ ಹತ್ತೇದ ನನಗ’ ಎಂದರು. ಚಮನಸಾಬನ ಅಂಗಡಿಗೂ ಅವಳು ಮರುದಿನವೇ ಹೋಗಿ ಬಂದಳು. ಅವನು ಚಹಾ ತರಿಸಿದ. ಆ ಲುಂಗಿಯ ಚೂರುಗಳನ್ನು ಹಿಂದಕ್ಕೆ ಕೇಳಿದ.

ಮುಂದಿನ ವರ್ಷ ದೇವೀಂದ್ರಪ್ಪ ಮತ್ತೆ ಬಂದ. ಪೆಟ್ಟಿಗೆಯೇ ಬೇಕು, ಮಾಸ್ತರರ ಗಡಿಯಾರ ಬೇಡ ಎಂದ. ಪ್ರಮಿಲಾ ವೈರಿಗೆ ಸುತ್ತಲೂ ಲೋಹದ ಜಾಳಿಗೆ ಹೊದಿಸಿದಳು, ಬೇಗ ಕತ್ತಲು ಕಾಣುವ ಬೇರೆ ಕಣ್ಣು ಹಾಕಿದಳು, ಜನರೇಟರನ್ನು ಬಯಲಿನ ಆಚೆ ತುದಿಗೆ ಕಳಿಸಿದಳು. ಅಂತರ ತೀರ ಸಣ್ಣದಿದ್ದರೆ ಇಬ್ಬರೂ ಸರಿಸಮ ಎಂದು ಮೊದಲೇ ಮೈಕಿನಲ್ಲಿ ಸಾರಿಸಿದಳು. ಖಂಡಪ್ಪ ಎತ್ತು ಓಡಿಸಲು ತಮ್ಮನನ್ನು ಕಳಿಸಿ, ತಾನು ಬಾರುಕೋಲು ಹಿಡಿದು ವೈರಿನ ಪಕ್ಕದಲ್ಲೇ ಉರಿಬಿಸಿಲಲ್ಲಿ ಕೂತ. ಹತ್ತಿರ ಬಂದವರನ್ನೆಲ್ಲ, ಪ್ರಮಿಲಾಳನ್ನೂ ಸೇರಿಸಿ, ‘ಏನ್ ಕೆಲಸ ಅದ ಇಲ್ಲಿ?’ ಎಂದು ಕೇಳುತ್ತಿದ್ದ.

ಮದುವೆಯಾಗಿ ಜೇವರ್ಗಿಗೆ ಹೋಗುವತನಕ ಅವಳೇ ಆ ಪೆಟ್ಟಿಗೆ ನಡೆಸಿದಳು. ಜೇವರ್ಗಿಯಲ್ಲೂ ಕಾಲೇಜಿನಲ್ಲಿ ಕಲಿಸಿದಳು. ಅಲ್ಲಿಯ ಕಾಲೇಜಿಗೆ ಕಂಪ್ಯೂಟರ್ ಬಂದಾಗ ಅಜ್ಜಿಯ ಜತೆ ಒಂದು ಮಧ್ಯಾಹ್ನವಿಡೀ ಆಡಿದ ಆಟವನ್ನು ಅದಕ್ಕೆ ಕಲಿಸಿದಳು. ಅದು ಕಣ್ಣು ಪಿಳುಕಿಸುವಷ್ಟರಲ್ಲಿ ಸಾವಿರ ಶರ್ಯತ್ತು ಓಡಿಸಿ ಅದೇ ಉತ್ತರ ಹೇಳಿತು. ರಜೆಗೆ ತವರಿಗೆ ಬಂದಾಗ ಅವಳು ಮಾಳಿಗೆಯಲ್ಲಿ ಬೆಸುಗೆ ಹಿಡಿದು ಕೂಡುವುದನ್ನು ಬಿಡಲಿಲ್ಲ. ಶ್ರೀಪಾದರಾಯರು ನೋಡಲು ಮೇಲೆ ಬರುತ್ತಿದ್ದರು. ಮೊದಲಿನಂತೆ ಒಳಗೆ ನುಗ್ಗುತ್ತಿರಲಿಲ್ಲ. ಹೊಸ್ತಿಲಲ್ಲೇ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ‘ನಾ ಏನೂ ಮುಟ್ಟೂದಿಲ್ಲವಾ, ಸುಮ್ಮ ನೋಡ್ತೇನಿ’ ಎನ್ನುವರು. ಅದನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಪ್ರಮಿಲಾಗೆ ಮಾತ್ರ ನಗು ಬರುತ್ತಿರಲಿಲ್ಲ.